ಉತ್ತರದ ಕಡೆಯ ನೆರಳು

ಸೋಲಾರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ. ಪ್ಲೇಟನ್ನು ಎಷ್ಟು ಓರೆ ಇಡಬೇಕು, ಯಾವ ದಿಕ್ಕಿಗೆ ತಿರುಗಿಸಬೇಕು ಎನ್ನುವುದನ್ನೆಲ್ಲ ಅದೇ ಹೇಳಿಕೊಡುತ್ತದೆ. ಒಳ್ಳೆಯದೇ ಆಯಿತು, ನಮ್ಮ ಕಾಲದಲ್ಲಿ ಅದು ಇರಲಿಲ್ಲ. ಆದರೂ ನಾನು ಅವರನ್ನು ಮೊದಲು ಕೇಳುವ ಪ್ರಶ್ನೆ ಒಂದುಂಟು: "ನೀನೀಗ ಎಲ್ಲಿ ನಿಂತಿದ್ದೀಯ?"

"ಪೊನ್ನಂಪೇಟೆಯಲ್ಲಿ ಸಾರ್."

"ಪೊನ್ನಂಪೇಟೆ ಎಲ್ಲಿದೆ?"

"ಕೊಡಗಿನಲ್ಲಿ."

ಹೀಗೆ ರಾಜ್ಯ, ದೇಶ ಎಲ್ಲ ಮುಗಿದ ಮೇಲೆ ಹುಡುಗ ಮೊಬೈಲ್ ನೋಡುತ್ತಾನೆ. ಆಗ ನಾನು ಹೇಳುತ್ತೇನೆ: ನೀನು ಹನ್ನೆರಡು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ನಿಂತಿದ್ದೀಯ. ಸಮಭಾಜಕ ವೃತ್ತಕ್ಕೂ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಹೆಚ್ಚುಕಡಿಮೆ ನಟ್ಟನಡುವೆ. ಸೂರ್ಯನ ಓಡಾಟವೆಲ್ಲ ನಿನ್ನ ನೆತ್ತಿಯ ಆಚೆ ಈಚೆಯಲ್ಲೇ. ಅವನು ನಿನ್ನ ದಕ್ಷಿಣಕ್ಕೂ ಹೋಗುತ್ತಾನೆ, ಉತ್ತರಕ್ಕೂ ಬರುತ್ತಾನೆ. ಇದೊಂದನ್ನು ಮರೆತರೆ ಬೇಲಿ ಸಾಯುತ್ತದೆ, ಮನುಷ್ಯನ ಕೆಲಸವೂ ಹೋಗುತ್ತದೆ. ಎರಡೂ ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಕೊಡ್ಲಿಪೇಟೆಯ ಕಡೆ. ರಾಗಿ, ಭತ್ತ, ಹಿತ್ತಿಲಿನಲ್ಲಿ ನಾಲ್ಕು ಕಾಫಿ ಗಿಡ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರಿಲ್ಲ. ನಾನು ಮಡಿಕೇರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು, ರಜೆ ಬಂದರೆ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಮಾಡಿಕೊಂಡು ಬಿಎಸ್ಸಿ ಮುಗಿಸಿದೆ. ಪಾಸಾದ ಸುದ್ದಿ ಹೇಳಿದಾಗ ಅಪ್ಪ ಕಣದಲ್ಲಿ ಹುಲ್ಲು ಒಟ್ಟುತ್ತಿದ್ದರು.

"ಎಂತೆಂತ ಕಲ್ತೆ ಅದ್ರಲ್ಲಿ?" ಎಂದು ಕೇಳಿದರು.

"ಬೆಳಕು, ಶಾಖ, ವಿದ್ಯುತ್ತು."

"ಅದೆಲ್ಲ ಬಿಸಿಲಲ್ಲೇ ಐತಲ್ಲೋ. ಅದ್ಕೆ ಮೂರು ವರ್ಷ ಬೇಕಾಯ್ತಾ?" ಎಂದವರು, ಅಂದು ಸಂಜೆ ಊರಿನ ಪ್ರತಿ ಮನೆಗೂ ಹೋಗಿ ತಾವೇ ಬೆಲ್ಲ ಹಂಚಿ ಬಂದರು.

ಅಪ್ಪನ ಮಾತು ನಿಜವೇ ಆಯಿತು. ನನಗೆ ಸಿಕ್ಕಿದ್ದು ಬಿಸಿಲಿನ ಕೆಲಸ. ಆನೆಗಳು ಗದ್ದೆಗೆ ನುಗ್ಗದ ಹಾಗೆ ಸೋಲಾರ್ ಬೇಲಿ ಹಾಕುವ ಒಂದು ಖಾಸಗಿ ಕಂಪನಿ ದಕ್ಷಿಣ ಕೊಡಗಿಗೆ ಬಂದಿತ್ತು. ಬೇಲಿ ಹಾಕುವುದು, ಅದು ಸಾಯದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಜೊತೆಯವರೆಲ್ಲ ತಂತಿ ಎಳೆದು ಪಳಗಿದವರು. "ಬಿಎಸ್ಸಿ ಓದಿ ಕಂಬ ಹತ್ತೋಕೆ ಬಂದವ್ನೆ ನೋಡಿ" ಎಂದು ನಕ್ಕರು. ರುದ್ರಪ್ಪ ಎಂಬ ನನ್ನ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನ ನಾನು ಬರೀ 'ಬಿಎಸ್ಸಿ'. ನನಗೇನೂ ಬೇಸರವಾಗಲಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಊರೇ ಕೂಗಿ ಕರೆದರೆ ಬೇಸರ ಯಾಕೆ?

ಬೇಲಿಯ ವಿಷಯ ತಿಳಿಯದವರಿಗೆ ಎರಡು ಮಾತು. ಒಂದು ಕಂಬದ ಮೇಲೆ ಸೋಲಾರ್ ಪ್ಲೇಟು. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಬ್ಯಾಟರಿ. ಹಗಲು ತುಂಬಿಕೊಂಡದ್ದನ್ನು ಬ್ಯಾಟರಿ ಹಗಲೂ ರಾತ್ರಿಯೂ ತಂತಿಗೆ ಕೊಡುತ್ತದೆ, ಒಂದೇ ಸಮ ಅಲ್ಲ, ಬಿಟ್ಟು ಬಿಟ್ಟು. ಪೆಟ್ಟಿಗೆಯೊಳಗೆ ಟಕ್, ಟಕ್ ಎಂದು ಸದ್ದು ಬರುತ್ತಿದ್ದರೆ ಬೇಲಿ ಬದುಕಿದೆ ಎಂದು ಅರ್ಥ. ಆನೆ ಮುಟ್ಟಿದರೆ ಸಾಯುವುದಿಲ್ಲ, ಜೋರಾಗಿ ಜುಮ್ಮೆನ್ನುತ್ತದೆ, ತಿರುಗಿ ಹೋಗುತ್ತದೆ. ಮೀಟರ್ ಕೈಯಲ್ಲಿಲ್ಲದಾಗ ನಾವು ಹಸಿ ಹುಲ್ಲಿನ ಕಡ್ಡಿಯನ್ನು ತಂತಿಗೆ ತಾಗಿಸಿ ನೋಡುತ್ತಿದ್ದೆವು. ಈಗಿನ ಹುಡುಗರು ಇದನ್ನು ಮಾಡಬೇಡಿ. ನನ್ನ ಮೊಣಕೈ ಇವತ್ತಿಗೂ ಅದನ್ನು ಮರೆತಿಲ್ಲ.

ಆನೆಯನ್ನು ದಡ್ಡ ಎಂದುಕೊಂಡು ಈ ಕೆಲಸಕ್ಕೆ ಬರಬಾರದು. ದಂತಕ್ಕೆ ಕರೆಂಟು ಹತ್ತುವುದಿಲ್ಲ ಎಂದು ನಮಗಿಂತ ಮೊದಲು ಕಂಡುಕೊಂಡದ್ದು ಆನೆಗಳೇ. ಒಂದು ಸಲಗ ದಂತದಲ್ಲಿ ತಂತಿಯನ್ನು ಎತ್ತಿ, ಹೆಣ್ಣಾನೆಗಳನ್ನೂ ಮರಿಗಳನ್ನೂ ದಾಟಿಸಿ, ಕೊನೆಗೆ ತಾನು ದಾಟುತ್ತಿತ್ತು. ಹಾಗೆಯೇ ಟಕ್ ಟಕ್ ನಿಂತ ರಾತ್ರಿ ಅವಕ್ಕೆ ಹೇಗೋ ಗೊತ್ತಾಗುತ್ತದೆ. ಹೇಗೆ ಎಂದು ನನ್ನನ್ನು ಕೇಳಬೇಡಿ.

ಅಕ್ಷಾಂಶದ ಪಾಠವನ್ನು ನಾನು ಮೊದಲು ಮಾಡಿದ್ದು ಹುದಿಕೇರಿಯ ಹತ್ತಿರದ ಪೂವಯ್ಯನವರಿಗೆ. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಬಂದು ಗದ್ದೆ, ತೋಟ ನೋಡಿಕೊಳ್ಳುತ್ತಿದ್ದವರು. ಅವರ ಮನೆಯ ಮಾಡಿನ ಮೇಲೆ ದೀಪಕ್ಕೆಂದು ಪ್ಲೇಟು ಕೂರಿಸಲು ಹೋಗಿದ್ದೆ. ಕೆಳಗೆ ನಿಂತು ನೋಡುತ್ತಿದ್ದವರು ಕೂಗಿದರು:

"ಏ ಬಿಎಸ್ಸಿ, ಎಂತ ಮಾರಾಯ ಅದು, ಪ್ಲೇಟನ್ನು ಮಲಗಿಸಿಬಿಟ್ಟಿದ್ದೀಯಲ್ಲ. ಜ್ವರ ಬಂದದ್ದಾ ಅದಕ್ಕೆ?"

"ಇಲ್ಲಿಗೆ ಇಷ್ಟೇ ಓರೆ ಸಾಕು ಸಾರ್."

"ಲಡಾಖಿನಲ್ಲಿ ನಾವು ಗೋಡೆಗೆ ಕನ್ನಡಿ ಒರಗಿಸಿದ ಹಾಗೆ ನಿಲ್ಲಿಸ್ತಿದ್ದೆವು. ನಮಗೆ ಹೇಳಿಕೊಡ್ತೀಯಾ ನೀನು?"

ನಾನು ಇಳಿದು ಬಂದೆ. ಜಗಲಿಯ ಬುಟ್ಟಿಯಲ್ಲಿ ಕಿತ್ತಳೆ ಇತ್ತು. ಒಂದನ್ನು ತೆಗೆದುಕೊಂಡು ಪೆನ್ನಿನಲ್ಲಿ ನಡುವೆ ಒಂದು ಸುತ್ತು ಗೆರೆ ಎಳೆದೆ, ಸಮಭಾಜಕ ವೃತ್ತ. ಅದರ ಮೇಲೊಂದು, ಕೆಳಗೊಂದು, ಕರ್ಕಾಟಕ ಮತ್ತು ಮಕರ. "ಸೂರ್ಯ ಈ ಮೇಲಿನ ಗೆರೆ, ಕೆಳಗಿನ ಗೆರೆ ಇವೆರಡರ ನಡುವೆ ಮಾತ್ರ ನೆತ್ತಿಗೆ ಬರೋದು. ಇದಕ್ಕೆ ಉಷ್ಣವಲಯ ಅಂತಾರೆ. ನೀವಿದ್ದ ಲಡಾಖು ಮೂವತ್ತನಾಲ್ಕು ಡಿಗ್ರಿ, ಗೆರೆಯಿಂದ ಎಷ್ಟೋ ಮೇಲೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ವಾಲಿಕೊಂಡಿರ್ತಾನೆ. ಪ್ಲೇಟು ಎದ್ದು ನಿಂತು ಅವನ ಮುಖ ನೋಡಬೇಕು. ಇಲ್ಲಿ ಅವನು ತಲೆಯ ಮೇಲೇ ಬರ್ತಾನೆ. ಪ್ಲೇಟು ಮಲಗಿಕೊಂಡೇ ನೋಡಬಹುದು."

ಸುಬೇದಾರರು ನಕಾಶೆ ಓದಿ ಬದುಕಿದವರು. ಕಿತ್ತಳೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದರೆ ನಾವು ಅದರ ಹೊಟ್ಟೆಯ ಹತ್ತಿರ. ಅವರು ಹೆಗಲಿನ ಹತ್ತಿರ" ಎಂದರು. ಮಾತು ಮುಗಿದ ಮೇಲೆ ಭೂಗೋಳವನ್ನು ಸುಲಿದು ಅರ್ಧ ನನಗೆ ಕೊಟ್ಟು, ಅರ್ಧ ತಾವು ತಿಂದರು.

ನಮ್ಮ ಮೇಲಧಿಕಾರಿ ರಘುನಾಥ್ ಸಾಹೇಬರು. ಮೈಸೂರಿನವರು, ಎಂಜಿನಿಯರು. ಕೆಲಸ ಕಲಿತದ್ದೆಲ್ಲ ಪಂಜಾಬು, ಹಿಮಾಚಲದ ಕಡೆ. ಶಿಸ್ತಿನ ಮನುಷ್ಯ, ಕೈ ಶುದ್ಧ. ತಪ್ಪು ಕಂಡರೆ ಬೈಯುತ್ತಿದ್ದರು, ಬೈದದ್ದನ್ನು ಸಂಜೆಗೆ ಮರೆಯುತ್ತಿದ್ದರು. ಕಂಬ ನಿಲ್ಲಿಸುವ ಜಾಗ ಆರಿಸಲು ಅವರು ಒಂದು ನಿಯಮ ಮಾಡಿಟ್ಟಿದ್ದರು: ಪ್ಲೇಟಿನ ದಕ್ಷಿಣಕ್ಕೆ ಏನೂ ಇರಕೂಡದು, ಪೂರ್ವ ಪಶ್ಚಿಮ ತೆರೆದಿರಬೇಕು, ಉತ್ತರಕ್ಕೆ ಬೆಟ್ಟವೇ ಇದ್ದರೂ ಚಿಂತೆಯಿಲ್ಲ. ಹಿಮಾಚಲದಲ್ಲಿ ಈ ನಿಯಮ ಬಂಗಾರ. ಅಲ್ಲಿ ಉತ್ತರದ ಮರ ಎಂದೂ ದಕ್ಷಿಣಕ್ಕೆ ಕಾಟ ಕೊಡುವುದಿಲ್ಲ. ಇಲ್ಲೂ ಎಲ್ಲರೂ ಅದನ್ನೇ ಪಾಲಿಸಿದರು, ಯಾರಿಗೂ ತಪ್ಪು ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎನ್ನುವುದೇ ವಿಶೇಷ. ನಮ್ಮಲ್ಲಿ ಕಂಬ ನೆಡುವುದು, ತಪಾಸಣೆ ಮಾಡುವುದು ಎಲ್ಲ ನವೆಂಬರಿನಿಂದ ಮಾರ್ಚಿನವರೆಗೆ. ಆಗ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಏಪ್ರಿಲ್ ಕೊನೆಗೆ ನೆತ್ತಿ ದಾಟಿ ನಮ್ಮ ಉತ್ತರಕ್ಕೆ ಹೋದವನು ಆಗಸ್ಟ್ ಅರ್ಧ ಕಳೆದ ಮೇಲೆಯೇ ತಿರುಗಿ ಬರುವುದು. ಆ ತಿಂಗಳುಗಳಲ್ಲಿ ಕೊಡಗಿನಲ್ಲಿ ಯಾರು ಆಕಾಶ ನೋಡುತ್ತಾರೆ? ಕೊಡೆ ಬಿಚ್ಚಿಕೊಂಡು ನೆಲ ನೋಡುತ್ತಾ ನಡೆಯುತ್ತೇವೆ.

ಒಂದು ಸೆಪ್ಟೆಂಬರಿನಲ್ಲಿ ಹುದಿಕೇರಿ ಭಾಗದ ಬೇಲಿಗಳನ್ನು ನನಗೆ ಒಪ್ಪಿಸಿದರು. ಅದರಲ್ಲಿ ಒಂದು ಬೇಲಿಗೆ ಕೆಟ್ಟ ಹೆಸರು. ಪೂವಯ್ಯನವರ ಗದ್ದೆಯ ಮೇಲ್ಬದಿಯದು. ಗದ್ದೆಗೆ ತಾಗಿ ಉತ್ತರಕ್ಕೆ ಊರಿನ ದೇವರಕಾಡು, ಅಲ್ಲಿಯ ಮರಕ್ಕೆ ಯಾರೂ ಕತ್ತಿ ತಾಗಿಸುವುದಿಲ್ಲ. ಕಾಡಿನ ಅಂಚಿನಲ್ಲೇ ನಮ್ಮ ಕಂಬ. ಎರಡು ಮಳೆಗಾಲ ಈ ಬೇಲಿ ಸತ್ತಿತ್ತು. ಎರಡು ಸಲವೂ ಆನೆಗಳು ಬಂದು ನೆಟ್ಟ ಪೈರನ್ನು ತುಳಿದು ಹೋಗಿದ್ದವು. ಮೋಡದಿಂದ ಹೀಗಾಯಿತು ಎನ್ನುವಂತಿರಲಿಲ್ಲ. ಅದೇ ಮಳೆ, ಅದೇ ಮೋಡ, ಅದೇ ಸಾಮಾನು ಇದ್ದ ಅಕ್ಕಪಕ್ಕದ ಬೇಲಿಗಳು ಚೆನ್ನಾಗಿಯೇ ಇದ್ದವು. ಚಳಿಗಾಲದಲ್ಲಿ ಸಾಹೇಬರು ಬಂದು ನೋಡಿದರೆ ಈ ಬೇಲಿಯೂ ಗಟ್ಟಿಮುಟ್ಟು, ಬ್ಯಾಟರಿ ತುಂಬಿ ತುಳುಕುತ್ತಿತ್ತು.

ಹಾಗಾದರೆ ತಪ್ಪು ಯಾರದ್ದು? ಕಾವಲಿನವನದ್ದು.

ಕಾವಲಿನವನು ಮಣಿ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ಅವನ ಹೆಂಡತಿ ಪೂವಯ್ಯನವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಗದ್ದೆಯ ಬದಿಯಲ್ಲಿ ಕಂಪನಿ ಕಟ್ಟಿಸಿಕೊಟ್ಟ ಒಂದು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಕೆಲಸ ಹೋದರೆ ಮನೆಯೂ ಹೋದ ಹಾಗೆ. ರಾತ್ರಿಯಿಡೀ ಬೇಲಿಯ ಉದ್ದಕ್ಕೂ ನಡೆಯುವುದು, ಬೆಳಕು ಹರಿದ ಮೇಲೆ ಮಲಗುವುದು ಅವನ ದಿನಚರಿ. ಬ್ಯಾಟರಿಯಿಂದ ತನ್ನ ಮನೆಗೆ ಕರೆಂಟು ಎಳೆದುಕೊಳ್ಳುತ್ತಾನೆ ಎಂಬ ಗುಮಾನಿ ಹುಟ್ಟಿತು. ಯಾರೋ ಹೋಗಿ ನೋಡಿದಾಗ ಅವನ ಮನೆಯೊಳಗೆ ನಮ್ಮದೇ ತಂತಿಯ ತುಂಡು ಸಿಕ್ಕಿತು.

"ಅದು ಯಾಕಯ್ಯ ನಿನ್ನ ಮನೆಯಲ್ಲಿ?" ಎಂದು ನಾನೂ ಕೇಳಿದೆ.

"ಮಕ್ಕಳ ಯೂನಿಫಾರ್ಮ್ ಒಣಗಿಸೋದು ಸಾರ್. ಮಳೆಗಾಲದಲ್ಲಿ ಒಲೆ ಮೇಲೆ ಕಟ್ಟದಿದ್ರೆ ಹೇಗೆ ಒಣಗೋದು?"

"ಬ್ಯಾಟರಿ ಮುಟ್ಟಿದ್ದೀಯಾ?"

"ಸಾರ್, ನನ್ನ ಮನೆಗೆ ಬನ್ನಿ. ಒಂದು ಬಲ್ಬು ಉಂಟಾ ನೋಡಿ. ಬಲ್ಬು ಇಲ್ಲದವನು ಕರೆಂಟು ತಕೊಂಡು ಎಂತ ಮಾಡೋದು, ಸಾರು ಮಾಡಿ ಕುಡಿಯೋದಾ?"

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಪೂವಯ್ಯನವರನ್ನು ಕೇಳಿದರೆ, "ಮಣಿ ಕಳ್ಳ ಅಲ್ಲ. ಆದರೆ ಬೇಲಿ ಸತ್ತದ್ದೂ ನಿಜ. ನನ್ನ ಪೈರು ಹೋದದ್ದೂ ನಿಜ. ನಾನು ಎಂತ ಹೇಳಲಿ?" ಎಂದರು. ಸಾಹೇಬರು ಫೋನಿನಲ್ಲಿ ತೀರ್ಮಾನ ಹೇಳಿದರು: "ಡಿಸೆಂಬರಲ್ಲಿ, ಹುತ್ತರಿ ಹಬ್ಬದ ಹೊತ್ತಿಗೆ ಟೂರ್ ಬರ್ತೀನಿ. ಬೇಲಿ ಒಂದ್ಸಲ ನೋಡ್ತೀನಿ. ಅದಾದ್ಮೇಲೆ ಅವನನ್ನ ಬಿಡಿಸಿ ಬೇರೆಯವರನ್ನ ಹಾಕು."

ನಾನು ದಿನವೂ ಆ ಕಂಬದ ಹತ್ತಿರ ಹೋಗಿ ನಿಲ್ಲತೊಡಗಿದೆ. ತಂತಿಯ ಜೋಡಣೆ ಬಿಚ್ಚಿ ನೋಡಿದೆ. ಬ್ಯಾಟರಿಗೆ ನೀರು ಹಾಕಿ ಅಳೆದೆ. ಪ್ಲೇಟಿನ ಪಾಚಿ ಉಜ್ಜಿದೆ. ಎಲ್ಲ ಸರಿ ಇತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ ಕಂಬದ ನೆರಳು ನನ್ನ ಕಾಲ ಬಳಿಯಿಂದ ದೇವರಕಾಡಿನ ಕಡೆಗೆ ವಾಲಿ ಬಿದ್ದಿತ್ತು. ಕಾಡಿನ ಮರಗಳ ನೆರಳು ಕಾಡಿನೊಳಗೇ. ಆಗ ತಲೆಗೆ ಬಂದದ್ದು ಪೂವಯ್ಯನವರ ಕಿತ್ತಳೆ. ಸೂರ್ಯ ಎರಡು ಗೆರೆಗಳ ನಡುವೆ ಓಡಾಡುತ್ತಾನೆ ಎಂದು ನಾನೇ ಅವರಿಗೆ ಹೇಳಿದ್ದೆನಲ್ಲ. ಜೂನಿನಲ್ಲಿ ಅವನು ಕರ್ಕಾಟಕದ ಗೆರೆಯ ಮೇಲಿರುವಾಗ ಈ ಗದ್ದೆಗೆ ಎಲ್ಲಿಂದ ಬಿಸಿಲು ಬರುತ್ತದೆ? ಈಶಾನ್ಯದಿಂದ ಹುಟ್ಟಿ, ನೆತ್ತಿಯಿಂದ ಉತ್ತರಕ್ಕೆ ಸರಿದು, ವಾಯವ್ಯಕ್ಕೆ ಮುಳುಗುತ್ತಾನೆ. ಅಂದರೆ ಬೆಳಿಗ್ಗೆಯೂ ಸಂಜೆಯೂ ದೇವರಕಾಡಿನ ಹಿಂದೆಯೇ. ಮಳೆಗಾಲದಲ್ಲಿ ಸಿಗುವ ಚೂರುಪಾರು ಬಿಸಿಲನ್ನು ಕಾಡೇ ನುಂಗುತ್ತಿತ್ತು. ಅಕ್ಕಪಕ್ಕದ ಬೇಲಿಗಳ ಉತ್ತರಕ್ಕೆ ಬರೀ ಬಯಲು, ಅವು ಬದುಕಿದವು. ಮಣಿ ಇದನ್ನು ಕಂಡಿರಲು ಸಾಧ್ಯವಿಲ್ಲ, ಬೆಳಿಗ್ಗೆ ಅವನು ಮಲಗಿರುತ್ತಿದ್ದ.

ಸಾಹೇಬರಿಗೆ ಫೋನು ಮಾಡಿ ಹೇಳಿದೆ.

"ಉತ್ತರದ ಮರ ದಕ್ಷಿಣಕ್ಕೆ ನೆರಳು ಹಾಕತ್ತಾ? ಏನಯ್ಯ ನೀನು, ಬಿಎಸ್ಸಿ."

"ಜೂನಲ್ಲಿ ಹಾಕ್ತದೆ ಸಾರ್. ನಾವು ಉಷ್ಣವಲಯದಲ್ಲಿದ್ದೀವಿ."

"ಲೆಕ್ಕದಲ್ಲಿ ಇರಬಹುದು ಕಣಯ್ಯ. ಲೆಕ್ಕ ನೋಡಿ ಕಂಬ ಕೀಳೋಕಾಗತ್ತಾ? ನಾಳೆ ಕಂಪನಿ ನನ್ನನ್ನ ಕೇಳತ್ತೆ. ನೀನೇ ಜೂನಲ್ಲಿ ಅಲ್ಲಿ ನಿಂತು ನೋಡಿದ್ದೀಯಾ?"

"ಇಲ್ಲ ಸಾರ್. ನಾನು ಬಂದಿದ್ದು ಸೆಪ್ಟೆಂಬರಲ್ಲಿ."

"ಹಾಗಿದ್ರೆ ಜೂನ್ ಬರಲಿ, ನೋಡೋಣ. ಅಲ್ಲಿವರೆಗೆ ಅವನು ಬೇಡ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಜೂನ್ ಬರುವಷ್ಟರಲ್ಲಿ ಮಣಿಯ ಸಂಸಾರ ಎಲ್ಲಿರುತ್ತದೋ ಯಾರಿಗೆ ಗೊತ್ತು. ಡಿಸೆಂಬರಿನಲ್ಲಿ ನಿಂತು ಜೂನಿನ ಬಿಸಿಲನ್ನು ತೋರಿಸುವುದು ಹೇಗೆ? ಇದೇ ಯೋಚನೆಯಲ್ಲಿ ಒಂದು ಭಾನುವಾರ ಊರಿಗೆ ಹೋದೆ. ಅಪ್ಪ ಕಣ ಸಾರಿಸುವ ತಯಾರಿಯಲ್ಲಿದ್ದರು. ನಾನು ಚಿಕ್ಕವನಿದ್ದಾಗ ಕಣ ಮಾಡುತ್ತಿದ್ದುದು ಬೆಳದಿಂಗಳಲ್ಲಿ. ಸುಗ್ಗಿಯ ಚಳಿಯಲ್ಲಿ ಎತ್ತುಗಳ ಹಿಂದೆ ಸುತ್ತುವಾಗ ನನ್ನ ನೆರಳನ್ನು ನಾನೇ ತುಳಿದುಕೊಂಡು ನಡೆಯುತ್ತಿದ್ದೆ, ಚಂದ್ರ ಅಷ್ಟು ನೆತ್ತಿಯ ಮೇಲಿರುತ್ತಿದ್ದ. ಅದೇ ಕಣದಲ್ಲಿ ಮಧ್ಯಾಹ್ನ ನಿಂತರೆ ನೆರಳು ಉದ್ದಕ್ಕೆ ಉತ್ತರಕ್ಕೆ ಚಾಚಿಕೊಂಡಿರುತ್ತಿತ್ತು. ಹಗಲಿನ ನೆರಳು ಉದ್ದ, ರಾತ್ರಿಯ ನೆರಳು ಗಿಡ್ಡ. ಚಿಕ್ಕಂದಿನಲ್ಲಿ ಅದು ನನಗೊಂದು ಆಟ.

ಈಗ ಅದರ ಅರ್ಥ ಹೊಳೆಯಿತು. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ನೇರ ಎದುರು ನಿಂತಿರುತ್ತಾನೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ತುದಿಗೆ ಹೋದಾಗ ಹುಣ್ಣಿಮೆಯ ಚಂದ್ರ ಉತ್ತರದ ತುದಿಗೆ ಬರುತ್ತಾನೆ. ಜೂನಿನ ಸೂರ್ಯ ಹಗಲು ಹೋಗುವ ದಾರಿಯಲ್ಲೇ ಡಿಸೆಂಬರಿನ ಹುಣ್ಣಿಮೆ ಚಂದ್ರ ರಾತ್ರಿ ಹೋಗುತ್ತಾನೆ, ಹೆಚ್ಚೆಂದರೆ ಒಂಚೂರು ಆಚೆ ಈಚೆ. ಕಾಲೇಜು ಕಲಿಸಿದ್ದನ್ನೂ ಕಣ ಕಲಿಸಿದ್ದನ್ನೂ ನಾನು ಎರಡು ಬೇರೆ ಚೀಲಗಳಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೆ. ಆ ಭಾನುವಾರ ಎರಡನ್ನೂ ಒಂದಕ್ಕೆ ಸುರಿದೆ. ಹುತ್ತರಿ ಬರುವುದು ಹುಣ್ಣಿಮೆಯ ಆಸುಪಾಸಿನಲ್ಲೇ. ಹೊಸ ಭತ್ತದ ಕದಿರು ಕೊಯ್ಯಲು ಇಡೀ ಊರು ರಾತ್ರಿ ಗದ್ದೆಗೆ ಇಳಿಯುತ್ತದೆ. ಸಾಹೇಬರೂ ಅದೇ ದಿನ ಬರುತ್ತಾರೆ.

ಪೂವಯ್ಯನವರಲ್ಲಿ ಹೋಗಿ, "ನಮ್ಮ ಸಾಹೇಬರನ್ನು ಕದಿರು ಕೊಯ್ಯೋಕೆ ಕರೀಬೇಕು ಸಾರ್" ಎಂದೆ.

"ಅದಕ್ಕೇನು, ಬರಲಿ. ಊಟಕ್ಕೂ ಇರಲಿ. ಆದರೆ ನಿನ್ನ ಮುಖ ನೋಡಿದರೆ ಬರೀ ಊಟಕ್ಕೆ ಕರೆಯುವ ಹಾಗೆ ಕಾಣುವುದಿಲ್ಲ."

ವಿಷಯ ಹೇಳಿದೆ. ಕೇಳಿ ಮುಗಿಸಿ, "ನನ್ನ ಹಳೆಯ ಕಂಪಾಸು ಉಂಟು, ಹುಡುಕಿ ಇಟ್ಟಿರ್ತೇನೆ" ಎಂದರು. ಅವರ ಪೈರಿನ ಪ್ರಶ್ನೆಯೂ ಇತ್ತಲ್ಲ, ಮುಂದಿನ ಮಳೆಗಾಲಕ್ಕೆ ಆನೆಗಳು ಕಾದು ಕೂತಿದ್ದವು.

ಹುತ್ತರಿಯ ಹಗಲು ಸಾಹೇಬರು ಬಂದರು. ಕಂಬದ ಹತ್ತಿರ ಕರೆದುಕೊಂಡು ಹೋದೆ. ಪ್ಲೇಟಿನ ಮೇಲೆ ಬಿಸಿಲು ಸುರಿಯುತ್ತಿತ್ತು, ಪೆಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು. ಸಾಹೇಬರು ಕಾಡಿನ ಕಡೆ ಕೈ ತೋರಿಸಿ, "ನೋಡಯ್ಯ, ನೆರಳು ಯಾವ ಕಡೆಗಿದೆ? ಒಂದೆಲೆಯ ನೆರಳಾದ್ರೂ ಪ್ಲೇಟ್ ಮೇಲಿದೆಯಾ?" ಎಂದರು. ಮಣಿ ದೂರದಲ್ಲಿ ಕೈ ಕಟ್ಟಿ ನಿಂತಿದ್ದ. ಸಾಹೇಬರು ಅವನನ್ನು ಕರೆದು ಬ್ಯಾಟರಿ ಪೆಟ್ಟಿಗೆಯ ಬೀಗದ ಕೈ ಕೇಳಿದರು. ಅವನು ಸೊಂಟದ ದಾರದಿಂದ ಬಿಚ್ಚಿ ಕೊಟ್ಟ.

"ಮನೆ ಯಾವಾಗ ಖಾಲಿ ಮಾಡ್ಬೇಕು ಸಾರ್?" ಎಂದು ಕೇಳಿದ.

"ತಿಂಗಳ ಕೊನೆಗೆ" ಎಂದರು ಸಾಹೇಬರು, ಅವನ ಮುಖ ನೋಡದೆ. ಹಾಗೆ ಹೇಳುವುದು ಅವರಿಗೂ ಇಷ್ಟವಿರಲಿಲ್ಲ.

"ರಾತ್ರಿ ಕದಿರು ಕೊಯ್ಯೋಕೆ ಬರ್ತೀರಲ್ಲ ಸಾರ್?" ಎಂದೆ ನಾನು.

"ಸುಬೇದಾರ್ ಕರೆದಿದ್ದಾರೆ, ಬರದೆ ಇರೋಕಾಗತ್ತಾ?"

ಸಂಜೆಯಾಗುತ್ತಿದ್ದ ಹಾಗೆ ಮೋಡ ಕವಿಯಿತು. ಡಿಸೆಂಬರಿನಲ್ಲಿ ನಮ್ಮ ಕಡೆ ಹೀಗೆ ಒಮ್ಮೊಮ್ಮೆ ಆಗುತ್ತದೆ, ಒಣಗಲು ಹಾಕಿದ ಕಾಫಿಯನ್ನು ರಾಶಿ ಮಾಡಿ ಮುಚ್ಚುವ ಗಡಿಬಿಡಿ. ನನ್ನ ಲೆಕ್ಕದ ಮೇಲೆ ನನಗೆ ಅನುಮಾನವಿರಲಿಲ್ಲ. ಆದರೆ ಚಂದ್ರನೇ ಮುಖ ತೋರಿಸದಿದ್ದರೆ ಲೆಕ್ಕ ಕಟ್ಟಿಕೊಂಡು ಏನು ಮಾಡುವುದು?

ಪೂವಯ್ಯನವರ ಮನೆಯಲ್ಲಿ ಪೂಜೆ ಮುಗಿಯಿತು. ಮನೆಯ ಹಿರಿಯರು ಮುಂದೆ, ತಾಯಂದಿರು ದೀಪ ಹಿಡಿದು, ಓಲಗದ ಹಿಂದೆ ನಾವೆಲ್ಲ ಗದ್ದೆಗೆ ಇಳಿದೆವು. ಸಾಹೇಬರು ಬೂಟು ಕಳಚಿ ಪ್ಯಾಂಟು ಮಡಚಿಕೊಂಡು ಬದುವಿನ ಮೇಲೆ ಜೋಲಿ ಹೊಡೆಯುತ್ತಾ ಬಂದರು. ಕೋವಿ ಹಾರಿತು. "ಪೊಲಿ ಪೊಲಿ ದೇವಾ", ಬೆಳೆ ಹೆಚ್ಚಲಿ ದೇವರೇ, ಎಂದು ಎಲ್ಲರೂ ಕೂಗುತ್ತಿದ್ದಂತೆ ಕದಿರು ಕೊಯ್ದರು. ಅವರವರ ಮನೆಯಲ್ಲಿ ಕಟ್ಟಿಕೊಳ್ಳಲೆಂದು ಮೊದಲ ಕದಿರುಗಳನ್ನು ಕೈಯಿಂದ ಕೈಗೆ ಹಂಚಿದರು, ಸಾಹೇಬರಿಗೂ ಒಂದು ಹಿಡಿ ಬಂತು. ಮಣಿಯ ಹೆಂಡತಿ ಮಕ್ಕಳು ಬದುವಿನ ತುದಿಯಲ್ಲಿ ನಿಂತಿದ್ದರು. ಪೂವಯ್ಯನವರು ಕರೆದು ಅವರಿಗೂ ಕೊಟ್ಟರು. ನನ್ನ ಕಣ್ಣು ಮಾತ್ರ ಮೇಲೆಯೇ. ಮೋಡ ಕದಲಿರಲಿಲ್ಲ.

ಜನ ಮನೆ ಕಡೆ ತಿರುಗಿದರು. ಪೂವಯ್ಯನವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಎಂತ ಬಿಎಸ್ಸಿ, ಕಿತ್ತಳೆ ತರಿಸಲಾ?" ಎಂದರು. ಅವರು ಸಾಹೇಬರ ಕೈ ಹಿಡಿದು, "ನೀವು ಮೇಲಿನ ದಾರಿಯಲ್ಲಿ ಬನ್ನಿ, ಇಲ್ಲಿ ಜಾರುತ್ತದೆ" ಎಂದು ನಮ್ಮ ಕಂಬದ ಕಡೆಗೆ ನಡೆಸಿದರು. ದಾರಿಯುದ್ದಕ್ಕೂ ಲಡಾಖಿನ ಕಥೆ. ಬೇಗ ಮುಗಿಯದ ಕಥೆಯನ್ನೇ ಆರಿಸಿಕೊಂಡಿದ್ದರು ಎಂದು ಕಾಣುತ್ತದೆ. ಕಂಬದ ಹತ್ತಿರ ತಲುಪಿದ ಮೇಲೂ ಕಥೆಯಲ್ಲಿ ಮಂಜಿನಲ್ಲಿ ಹೂತ ಜೀಪು ಹೊರಗೆ ಬಂದಿರಲಿಲ್ಲ.

ಜೀಪು ಅರ್ಧ ಮೇಲೆ ಬಂದಿರುವಾಗ ಗದ್ದೆಯ ಕೆಳತುದಿ ಬೆಳ್ಳಗಾಯಿತು. ಆ ಬೆಳಕು ಭತ್ತದ ಮೇಲೆ ಹರಿದುಕೊಂಡು ನಮ್ಮ ಕಡೆಗೇ ಬಂತು.

"ಟಾರ್ಚು ಆರಿಸಿ ಸಾರ್" ಎಂದೆ.

ಗದ್ದೆಯೆಲ್ಲ ಹಾಲು ಚೆಲ್ಲಿದಂತಿತ್ತು. ನಾವು ನಿಂತ ಜಾಗ ಮಾತ್ರ ಕಪ್ಪು. ದೇವರಕಾಡಿನ ನೆರಳು ಕಾಡಿನಿಂದ ಹೊರಗೆ ಬಂದು, ಕಂಬವನ್ನು, ಪ್ಲೇಟನ್ನು, ನಮ್ಮ ಮೂವರನ್ನು ಒಟ್ಟಿಗೆ ಮುಚ್ಚಿಕೊಂಡು, ಗದ್ದೆಯೊಳಕ್ಕೆ ಅಷ್ಟು ದೂರ ಚಾಚಿತ್ತು. ಹಗಲು ಬಿಸಿಲು ಸುರಿಯುತ್ತಿದ್ದ ಪ್ಲೇಟಿನ ಮೇಲೆ ಒಂದು ಚುಕ್ಕೆ ಬೆಳಕಿರಲಿಲ್ಲ.

ಸಾಹೇಬರು ಪ್ಲೇಟನ್ನು ನೋಡಿದರು, ಕಾಡನ್ನು ನೋಡಿದರು. "ಇದು ಚಂದ್ರ ಕಣಯ್ಯ" ಎಂದರು.

"ಹೌದು ಸಾರ್, ಹುಣ್ಣಿಮೆ ಚಂದ್ರ. ಈಗ ಸೂರ್ಯ ಎಲ್ಲಿದ್ದಾನೆ?"

"ದಕ್ಷಿಣದಲ್ಲಿ. ಮಕರದ ಹತ್ತಿರ."

"ಅವನ ಎದುರು ಇವನು. ಹಾಗಾದ್ರೆ ಇವನು ಯಾವ ಗೆರೆ ಹತ್ತಿರ ಇರ್ಬೇಕು?"

ಪೂವಯ್ಯನವರು ಕಂಪಾಸನ್ನು ಕಣ್ಣಿಗೆ ಹಿಡಿದು ಮರಗಳ ಮೇಲಿನ ಬೆಳಕಿಗೆ ಗುರಿ ಇಟ್ಟು, "ಪೂರ್ವದಿಂದ ಚೆನ್ನಾಗಿ ಉತ್ತರಕ್ಕೆ" ಎಂದು ಸೇನೆಯ ದನಿಯಲ್ಲಿ ವರದಿ ಒಪ್ಪಿಸಿದರು. ಸಾಹೇಬರು ಕಂಪಾಸನ್ನು ಕೇಳಿ ತೆಗೆದುಕೊಂಡು ತಾವೂ ನೋಡಿದರು. ಬೆರಳುಗಳಲ್ಲಿ ಏನೋ ಎಣಿಸಿದರು. ಅವರು ಎಂಜಿನಿಯರು ಎಂದು ಮೊದಲೇ ಹೇಳಿದೆನಲ್ಲ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಅಂದ್ರೆ ಇದು ಜೂನಿನ ಬೆಳಿಗ್ಗೆ" ಎಂದರು.

"ಹೌದು ಸಾರ್. ಬೆಳಗಿನ ತಿಂಡಿ ಹೊತ್ತು."

"ನಾನು ಹದಿನೈದು ವರ್ಷ ಕೆಲಸ ಮಾಡಿದ ಕಡೆ ಸೂರ್ಯ ಒಂದು ದಿನಾನೂ ನೆತ್ತಿ ದಾಟಿ ಉತ್ತರಕ್ಕೆ ಬರಲಿಲ್ಲ ಕಣಯ್ಯ" ಎಂದರು. ಕಂಪಾಸನ್ನು ಪೂವಯ್ಯನವರಿಗೆ ಹಿಂತಿರುಗಿಸಿ, "ಆ ನಿಯಮ ಬರೆದವನು ನಾನು. ಇಂಥ ಕಂಬ ಇನ್ನೂ ಎಷ್ಟಿವೆಯೋ" ಎಂದರು. ಆಮೇಲೆ, "ಮಣಿ ಎಲ್ಲಿ?" ಎಂದು ಕೇಳಿದರು.

ಮಣಿ ಮನೆಯ ಬಾಗಿಲಲ್ಲಿ ಕೂತಿದ್ದ. ಕೂಗಿದಾಗ ಓಡಿ ಬಂದ. ಕೈಯಲ್ಲಿ ಹೆಂಡತಿ ತಂದುಕೊಟ್ಟ ಕದಿರು ಹಾಗೇ ಇತ್ತು. ಖಾಲಿ ಮಾಡುವ ಮನೆಗೆ ಅದನ್ನು ಕಟ್ಟಬೇಕೋ ಬೇಡವೋ ಎಂದು ತಿ‌ಳಿಯದೆ ಕೂತಿದ್ದನೆಂದು ಆಮೇಲೆ ಹೇಳಿದ.

ಸಾಹೇಬರು ದೊಡ್ಡ ಮಾತೇನೂ ಆಡಲಿಲ್ಲ. ಅದು ಅವರ ಜಾಯಮಾನವಲ್ಲ. "ಮಣಿ, ನಾಳೆ ಬೆಳಿಗ್ಗೆ ಈ ಕಂಬ ಕೀಳಬೇಕು. ಹೊಸ ಗುಂಡಿ ಎಲ್ಲಿ ತೋಡ್ತೀಯ?" ಎಂದು ಕೇಳಿದರು.

ಮಣಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ನಾನು ನೆರಳಿನ ಅಂಚಿನ ಕಡೆಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಬದುವಿನ ಮೇಲೆ ನಡೆಯುತ್ತಾ ಹೋದ. ನೆರಳು ಮುಗಿಯುವಲ್ಲಿ ನಿಂತ. ಮತ್ತೆ ಯೋಚಿಸಿ ಇನ್ನೂ ಸ್ವಲ್ಪ ಮುಂದೆ ಹೋಗಿ, ಮೈಯೆಲ್ಲ ಬೆಳದಿಂಗಳಾದ ಮೇಲೆ ತಿರುಗಿ ನಿಂತುಕೊಂಡ.

"ಇಲ್ಲಿ ಸಾರ್" ಎಂದ.

"ಸರಿ. ಅಲ್ಲೇ ಇರು" ಎಂದು ಸಾಹೇಬರು ಬರಿಗಾಲಿನಲ್ಲಿ ಅವನವರೆಗೂ ನಡೆದು ಹೋಗಿ ಬೀಗದ ಕೈಯನ್ನು ಅವನ ಕೈಗೆ ಕೊಟ್ಟರು. ತಮ್ಮ ಪಾಲಿನ ಕದಿರನ್ನೂ ಅವನ ಕಂಕುಳಿಗೆ ತುರುಕಿ, "ಇದನ್ನೂ ಕಟ್ಕೋ. ಟೂರಿನಲ್ಲಿರೋನು ನಾನೆಲ್ಲಿ ಕಟ್ಟಲಿ?" ಎಂದರು.

ಮುಂದಿನ ಮಳೆಗಾಲದಲ್ಲಿ ಸಾಹೇಬರು ಕೊಡೆ ಹಿಡಿದುಕೊಂಡು ತಪಾಸಣೆಗೆ ಬಂದರು. ಜೂನಿನಲ್ಲಿ ಬಂದ ಮೊದಲ ಮೇಲಧಿಕಾರಿ ಅವರೇ. ಒಂದು ಬೆಳಿಗ್ಗೆ ಮಳೆ ಬಿಟ್ಟು, ಅರ್ಧ ಗಂಟೆಯಷ್ಟು ಬಿಸಿಲು ಬಂತು. ದೇವರಕಾಡಿನ ನೆರಳು ಗದ್ದೆಗೆ ಇಳಿದು, ಹಳೆಯ ಗುಂಡಿಯನ್ನು ಮುಚ್ಚಿ, ಹೊಸ ಕಂಬಕ್ಕೆ ಒಂದು ಮಾರು ಈಚೆಗೆ ನಿಂತಿತು. ಮಣಿ ಮಲಗಿದ್ದ. ನಾವು ಅವನನ್ನು ಎಬ್ಬಿಸಲಿಲ್ಲ. ಪೆಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು.